ಅಗಸನಕಟ್ಟೆ ನಿಲ್ದಾಣದ ಪಂಪ್ ರುದ್ರೇಶ

ಬಣಕಲ್ಲಿನ ಸುತ್ತ ಯಾರ ತೋಟದಲ್ಲಿ ಪಂಪು ಕೆಟ್ಟರೂ ಜನ ಮೊದಲು ಬೈಯುವುದು ನನ್ನನ್ನು. ಹೆದ್ದಾರಿ ಪಕ್ಕದ ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ವಾಷರು, ಬೆಂಡು, ವಾಲ್ವು ಒಂದೂ ನೆಟ್ಟಗಿಲ್ಲ ಎನ್ನುವುದು ಅವರ ತಕರಾರು. ಬೈದು ಮುಗಿದ ಮೇಲೆ ಕೇಳುವುದು, "ಓಂಕಾರಣ್ಣ, ರುದ್ರೇಶ್ ಎಲ್ಲಿ?" ಎಂದು. ಮಾರ್ಚ್ ತಿಂಗಳಲ್ಲಂತೂ ಈ ಕೇಳಾಟಕ್ಕೆ ಕೊನೆಯಿಲ್ಲ. ಕಾಫಿ ಹೂ ಬಿಡಲು ಬೇಕಾದ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಬೇಕು. ವರ್ಷವಿಡೀ ಷೆಡ್ಡಿನಲ್ಲಿ ಮಲಗಿದ್ದ ಪಂಪು ಸರಿಯಾಗಿ ಅವತ್ತೇ ಕೈಯೆತ್ತುತ್ತದೆ.

ರುದ್ರೇಶ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಂಪು ರಿಪೇರಿ ಮಾಡುತ್ತಾನೆ. ವಯಸ್ಸು ಐವತ್ತೆಂಟು, ನನಗಿಂತ ಒಂದು ವರ್ಷ ದೊಡ್ಡವನು. ಇಬ್ಬರೂ ಒಂದೇ ಬೀದಿಯವರು. ಇವನಿಗೆ ಮಾತು ಕಡಿಮೆ, ಮೊಣಕಾಲು ನೋವು ಜಾಸ್ತಿ. ಇವನ ಆಯಸ್ಸೆಲ್ಲ ಯಾರದೋ ಗುಂಡಿಯಿಂದ ನೀರು ಎತ್ತಿ ಹೊರಗೆ ಹಾಕುವುದರಲ್ಲೇ ಕಳೆದಿದೆ. ಕೆಲಸದಿಂದ ಬಂದ ದಣಿವು ಮಲಗಿದರೆ ಹೋಗುತ್ತದೆ. ಇವನ ಮುಖದಲ್ಲಿದ್ದದ್ದು ಅಂಥದ್ದಲ್ಲ ಎಂದು ನನಗೆ ಅನುಮಾನವಿತ್ತು, ಆದರೆ ಕೇಳುವ ಗೋಜಿಗೆ ಹೋಗಿರಲಿಲ್ಲ. ಇವನು ಮಾಡಿದ ಒಂದು ಕೆಲಸದಿಂದ ಒಬ್ಬ ಒಳ್ಳೆಯ ಮನುಷ್ಯನ ನೌಕರಿ ಹೋಗಿತ್ತು. ಇವನು ಏಳು ವರ್ಷ ಬಾಯಿ ಬಿಟ್ಟಿರಲಿಲ್ಲ. ನನಗೆ ಅದು ತಿಳಿದದ್ದು ಈ ಮಾರ್ಚಿನಲ್ಲಿ. ಆದರೂ ನಡೆದ ಕ್ರಮದಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಗೋಜಲಾಗುತ್ತದೆ.

ಹತ್ತೊಂಬತ್ತನೆಯ ವಯಸ್ಸಿಗೆ ರುದ್ರೇಶ ಕುದುರೆಮುಖದ ಗಣಿಯ ಪಂಪ್‌ಹೌಸ್ ಸೇರಿದ. ಅಲ್ಲಿ ಜೂನ್ ತಿಂಗಳಲ್ಲಿ ಸುರಿಯಲು ಶುರುವಾದರೆ ಸೂರ್ಯನ ಮುಖ ಕಾಣುವುದು ದಸರೆಗೆ. ಹಿಟಾಚಿಗಳು ತೋಡಿದಲ್ಲೆಲ್ಲ ನೀರು, ನೀರಿದ್ದಲ್ಲೆಲ್ಲ ರುದ್ರೇಶ. ಹತ್ತೊಂಬತ್ತು ವರ್ಷ ಹಾಗೇ ಕಳೆಯಿತು. ಆಮೇಲೆ ಗಣಿ ನಿಂತಿತು. ಕ್ವಾರ್ಟರ್ಸ್ ಖಾಲಿಯಾದವು, ಇವನೂ ಟ್ರಂಕು ಹೊತ್ತುಕೊಂಡು ಬಣಕಲ್ಲಿಗೆ ಬಂದ. ಅಣ್ಣನ ದಿನಸಿ ಅಂಗಡಿಯಲ್ಲಿ ಕೂತು ಬೇಳೆ ತೂಗಿದ. ಅದು ಇವನ ಕೈಗೆ ಹತ್ತಲಿಲ್ಲ. ಗಿರಾಕಿ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದ, ಅತ್ತಿಗೆ ಮುಖ ಊದಿಸುತ್ತಿದ್ದರು.

ಹೀಗಿರುವಾಗ ವಸ್ತಾರೆಯ ಒಂದು ಮನೆಯಿಂದ ಪಂಪು ನೋಡಲು ಕರೆ ಬಂತು. ಆ ಮನೆಯ ಮಗ ವಿಶ್ವನಾಥ್ ಸಿವಿಲ್ ಎಂಜಿನಿಯರ್. ಬೆಂಗಳೂರಿನಲ್ಲಿ ನೆಲದಡಿ ಮೆಟ್ರೋ ನಿಲ್ದಾಣ ಕಟ್ಟುವ ಕಂತ್ರಾಟು ಕಂಪನಿಯಲ್ಲಿದ್ದ, ತಂಗಿಯ ಮದುವೆಗೆ ಬಂದಿದ್ದ. ರುದ್ರೇಶ ಪಂಪಿನ ಮೇಲೆ ಅಂಗೈ ಇಟ್ಟು, ಬಿಚ್ಚದೆಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಿದ್ದನ್ನು ಕಂಡು, "ರುದ್ರೇಶಣ್ಣ, ನಮ್ಮ ಸೈಟಿಗೆ ಬರ್ತೀರಾ? ಅಲ್ಲಿ ನೀರು ನಮ್ಮನ್ನ ತಿಂದು ಹಾಕ್ತಿದೆ" ಎಂದ. ರುದ್ರೇಶ ಮರುವಾರವೇ ಬಸ್ಸು ಹತ್ತಿದ.

ಆ ನಿಲ್ದಾಣದ ಹೆಸರು ಅಗಸನಕಟ್ಟೆ. ಈಗ ಅಲ್ಲಿ ಇಳಿಯುವವರಿಗೆ ಕಾಣುವುದು ತಾನಾಗಿ ಏರುವ ಮೆಟ್ಟಿಲು ಮತ್ತು ಹೊಳೆಯುವ ನೆಲ. ಮೊದಲು ಅಲ್ಲಿ ಇದ್ದದ್ದು ಇಪ್ಪತ್ತೆರಡು ಮನೆಗಳ ಓಣಿ, ಒಂದು ಹಿಟ್ಟಿನ ಗಿರಣಿ, ಒಂದು ಹಳೆಯ ಛತ್ರ. ಅದಕ್ಕೂ ಮುಂಚೆ ಅಗಸರು ಬಟ್ಟೆ ಒಗೆಯುತ್ತಿದ್ದ ಕಟ್ಟೆ. ಕಟ್ಟೆ ಮುಚ್ಚಿ ಎಷ್ಟು ವರ್ಷವಾಗಿತ್ತೋ, ಊರಿಗೆ ಉಳಿದದ್ದು ಹೆಸರು ಮಾತ್ರ. ನೀರು ಮಾತ್ರ ಎಲ್ಲೂ ಹೋಗಿರಲಿಲ್ಲ. ಸುತ್ತಲೂ ಕಾಂಕ್ರೀಟ್ ಗೋಡೆ ಇಳಿಸಿ ಒಳಗಿನ ಮಣ್ಣು ತೆಗೆಯತೊಡಗಿದಾಗ ಇಪ್ಪತ್ತಡಿಗೇ ಜಿನುಗಿತು, ಮೂವತ್ತಕ್ಕೆ ಹರಿಯಿತು, ಐವತ್ತಕ್ಕೆ ಕಲ್ಲುಬಂಡೆಯ ಸೀಳುಗಳಿಂದ ಚಿಮ್ಮಿತು. ರುದ್ರೇಶ ಸುತ್ತಲೂ ಹನ್ನೊಂದು ಕಡೆ ಪಂಪು ಕೂರಿಸಿದ. ಆರು ವರ್ಷ ಆ ಪಂಪುಗಳಿಗೆ ಭಾನುವಾರವೆಂಬುದಿರಲಿಲ್ಲ. ನೆಲದಡಿಯ ನೀರು ಎಪ್ಪತ್ತಡಿ ಕೆಳಗೆ ತಲೆ ತಗ್ಗಿಸಿಕೊಂಡೇ ಇತ್ತು. ಕಲ್ಲು ಒಡೆದರು, ಕಂಬ ನಿಲ್ಲಿಸಿದರು. ಸುರಂಗ ಕೊರೆಯುವ ಯಂತ್ರ ಗೋಡೆ ಸೀಳಿ ಮೂತಿ ಹೊರಗೆ ಹಾಕಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿ ಫೋಟೋ ಹೊಡೆಸಿಕೊಂಡರು. ಯಂತ್ರದ ಜೊತೆ ಬಂದ ಕೆಸರನ್ನು ಎತ್ತುವುದು ಹೇಗೆ ಎಂಬ ಚಿಂತೆಯಲ್ಲಿದ್ದವನು ರುದ್ರೇಶ ಒಬ್ಬನೇ.

ಮೂರನೆಯ ವರ್ಷ ಒಂದು ಬಾವಿ ಎದುರಾಯಿತು. ಒಡೆದ ಮನೆಗಳಲ್ಲಿ ಒಂದು ಶಿವಗಂಗಮ್ಮ ಎಂಬ ಅಜ್ಜಿಯದು. ಬಾವಿ ಅವರ ಹಿತ್ತಲಿನದು, ನಿಲ್ದಾಣದ ಉತ್ತರ ಗೋಡೆಗೆ ತಾಗಿಕೊಂಡಂತೆ ಇತ್ತು. ಅದನ್ನು ತಳದಿಂದ ಬಾಯಿಯವರೆಗೆ ಜಲ್ಲಿ ಮತ್ತು ಕಾಂಕ್ರೀಟ್ ತುಂಬಿ ಒಂದು ಹನಿಯೂ ಆಡದಂತೆ ಮುಚ್ಚಬೇಕೆಂದು ವಿಶ್ವನಾಥನ ಆದೇಶ. ಮಗಳ ಮನೆ ಸೇರಿದ್ದ ಶಿವಗಂಗಮ್ಮ ದಿನವೂ ಸಂಜೆ ಬಂದು ತಗಡಿನ ಬೇಲಿಯ ಸಂದಿಯಿಂದ ನೋಡುತ್ತಿದ್ದರು. ಕೆಲಸಕ್ಕೆ ಹಿಂದಿನ ದಿನ ರುದ್ರೇಶನನ್ನು ಕರೆದರು.

"ಮುಚ್ಚಬೇಡ ಅನ್ನೋಕೆ ನಾನ್ಯಾರಪ್ಪ," ಎಂದರಂತೆ. "ಆದ್ರೆ ಗಂಗಮ್ಮನ ಉಸಿರು ಕಟ್ಟಿಸ್ಬೇಡ. ಒಂದು ಕೊಳವೆ ಬಿಟ್ಟು ಮುಚ್ಚು."

ಬೇರೆ ಯಾರಾದರೂ ಆಗಿದ್ದರೆ ಅಜ್ಜಿಯ ಮಾತು ಎಂದು ಕೈ ಕೊಡವುತ್ತಿದ್ದರು. ರುದ್ರೇಶನಿಂದ ಆಗಲಿಲ್ಲ. ಬಣಕಲ್ಲಿನ ಅವರ ಹಿತ್ತಲ ಬಾವಿ ಮುಚ್ಚಿಸುವಾಗ ಅವನ ತಾಯಿ ಹಟ ಹಿಡಿದು ಗಂಟು ಕೊರೆದ ಬಿದಿರು ಇಳಿಸಿದ್ದನ್ನು, ಶುಕ್ರವಾರ ಅದರ ಬಾಯಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದುದನ್ನು ನಾನೂ ಕಂಡಿದ್ದೇನೆ. ನಮ್ಮ ಕಡೆ ಬಾವಿಯನ್ನು ಉಸಿರುಗಟ್ಟಿಸಿ ಮುಚ್ಚಿದ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ ಎಂಬ ಭಯ ಈಗಲೂ ಉಂಟು. ಅದೂ ಅಲ್ಲದೆ ನೀರಿನ ಅನ್ನ ತಿಂದವನು ಅವನು. ಶನಿವಾರ ವಿಶ್ವನಾಥ್ ಬಾವಿಯ ತಳ ನೋಡಿ, ಮೊದಲ ಲೋಡು ಬೀಳುವುದನ್ನು ನೋಡಿ, ಮೇಲಿನವರು ಕರೆದರೆಂದು ಸುರಂಗದ ಆಚೆ ತುದಿಗೆ ಹೋದ. ಅವನ ಬೆನ್ನು ಮರೆಯಾದೊಡನೆ ರುದ್ರೇಶ ಮೂರಿಂಚಿನ ಕಬ್ಬಿಣದ ಪೈಪನ್ನು ಉದ್ದಕ್ಕೂ ಜೋಡಿಸಿ, ತಳದ ಜಲ್ಲಿ ಸರಿಸಿ, ನೀರೂರುವ ಊಟೆಯವರೆಗೆ ಇಳಿಸಿದ. ಮೇಲ್ತುದಿಗೆ ಜಾಲರಿ ಕಟ್ಟಿ, ನೆಲದಿಂದ ಒಂದು ಗೇಣು ಕೆಳಗೆ ಉಳಿಸಿ, ಚಪ್ಪಡಿ ಮುಚ್ಚಿದ. ಸಂಜೆ ವಿಶ್ವನಾಥ್ ಬಂದು ಕೇಳಿದಾಗ, "ಪೂರ್ತಿ ತುಂಬಿದೆ ಸರ್" ಎಂದ. ವಿಶ್ವನಾಥ್ ಸಹಿ ಹಾಕಿದ. ರುದ್ರೇಶಣ್ಣ ಹೇಳಿದ ಮೇಲೆ ಅಗೆದು ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ.

ಇದರಲ್ಲಿ ಒಂದು ಮೂರ್ಖತನವಿದೆ. ಹಗಲೂ ರಾತ್ರಿ ಪಂಪು ಓಡಿಸಿ ನೀರನ್ನು ಕೆಳಗೆ ಹಿಡಿದಿಟ್ಟವನೇ ಇವನು. ಆ ಪೈಪು ಒಣಗಿತ್ತು ಎಂದರೆ ಇವನ ಪಂಪು ಓಡುತ್ತಿತ್ತು ಎಂದರ್ಥ. ಕೆಲಸ ಮುಗಿದು ಪಂಪು ನಿಂತರೆ ನೀರು ತನ್ನ ಮಟ್ಟಕ್ಕೆ ವಾಪಸು ಏರುತ್ತದೆ, ಏರಲು ಪೈಪೊಂದು ತಯಾರಿದೆ ಎಂಬುದು ಇವನಿಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷ ಪಂಪು ನೋಡಿದವನಿಗೆ ಹೊಳೆಯಲಿಲ್ಲ! ನಾನು ಇದನ್ನು ಕೇಳಿದಾಗ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ನಿಲ್ದಾಣ ಶುರುವಾಗುವ ಮುಂಚೆಯೇ ರುದ್ರೇಶ ಊರಿಗೆ ಬಂದು ನನ್ನ ಹಿಂದಿನ ಕೋಣೆ ಹಿಡಿದ. ಎರಡು ವರ್ಷದ ಮೇಲೆ ಪೇಪರಿನಲ್ಲಿ ಒಂದು ಫೋಟೋ ಬಂತು. ಅಗಸನಕಟ್ಟೆ ನಿಲ್ದಾಣದ ಉತ್ತರ ಗೋಡೆ, ಅದರ ಕೆಳಗೆ ಸಾಲಾಗಿ ಬಕೆಟ್ಟುಗಳು. ಇವನಿಗೆ ನೋಡಿದ ಕೂಡಲೇ ಗೊತ್ತಾಯಿತು, ಪೈಪಿನ ಎರಡನೆಯ ಜೋಡು ಇದ್ದದ್ದು ಸರಿಯಾಗಿ ಆ ಗೋಡೆಯ ಹಿಂದೆ, ಏರಿದ ನೀರು ಸೋರಿದ್ದು ಆ ಜೋಡಿನಿಂದ. ಅಲ್ಲಿಯವರು ಗೋಡೆಗೆ ಸೋರಿಕೆ ನಿಲ್ಲಿಸುವ ಔಷಧಿ ಚುಚ್ಚಿದರು. ಇಲ್ಲಿ ನಿಂತರೆ ಅಲ್ಲಿ ಜಿನುಗಿತು. ವಿಚಾರಣೆ ನಡೆಯಿತು. ಬಾವಿ ಮುಚ್ಚಿದ ಕಾಗದದ ಮೇಲೆ ಇದ್ದದ್ದು ವಿಶ್ವನಾಥನ ಸಹಿ. ಅವನು ಯಾರ ಮೇಲೂ ಬೆರಳು ತೋರಿಸಲಿಲ್ಲ. ಕಂಪನಿ ಅವನನ್ನು ಮನೆಗೆ ಕಳಿಸಿತು, ಅವನು ವಸ್ತಾರೆಗೆ ಬಂದು ಅಪ್ಪನ ಆರೆಕರೆ ಕಾಫಿ ನೋಡಿಕೊಂಡು ಕೂತ.

ಅಂದಿನಿಂದ ಪ್ರತಿ ಫೆಬ್ರವರಿಯಲ್ಲೂ ರುದ್ರೇಶನ ಮೊದಲ ರಿಪೇರಿ ವಸ್ತಾರೆಯಲ್ಲೇ. ಇಲ್ಲಿ ದೊಡ್ಡ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಕಾಯುತ್ತಿದ್ದರೂ ಇವನು ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದ. "ಅಲ್ಲೇನು ಬಂಗಾರ ಕೊಡ್ತಾರಾ?" ಎಂದು ನಾನು ರೇಗುತ್ತಿದ್ದೆ. ವಿಶ್ವನಾಥನ ಪಂಪು ಸರಿ ಮಾಡಿ, ಅವನ ಮನೆಯಲ್ಲಿ ಊಟ ಮಾಡಿ, ಹೇಳಬೇಕೆಂದುಕೊಂಡು, ಹೇಳದೆ ಬರುತ್ತಿದ್ದನಂತೆ. ಏಳು ಫೆಬ್ರವರಿ.

ಈ ಮಾರ್ಚಿನ ಎರಡನೆಯ ಶುಕ್ರವಾರ ಗಗನಾ ಎಂಬ ಹುಡುಗಿ ಬಂದಳು. ನಿಲ್ದಾಣಕ್ಕೆ ಹತ್ತು ವರ್ಷ ತುಂಬುತ್ತದೆ, ಅದರ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ, ಬರೆಯುವ ಕೆಲಸ ಇವಳದು. ಹಳೆಯ ಫೋಟೋದಲ್ಲಿ ಪೈಪು ಹಿಡಿದವರು ಯಾರೆಂದು ಹುಡುಕಿಕೊಂಡು ಇಷ್ಟು ದೂರ ಬಂದಿದ್ದಳು. ರುದ್ರೇಶನಿಗೆ ನಾಚಿಕೆಯೋ ನಾಚಿಕೆ. ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಿರಣಿ, ಛತ್ರ, ಕಟ್ಟೆ, ಬಂಡೆ, ಹನ್ನೊಂದು ಪಂಪು ಎಲ್ಲ ಹೇಳಿದ. ಇವನು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಅವಳು ಲ್ಯಾಪ್‌ಟಾಪಿನಿಂದ ಒಂದು ಪುಟ ಓದಿದಳು. "ನಿಲ್ದಾಣವನ್ನು ಇಂದಿಗೂ ಕಾಡುತ್ತಿರುವ ಸೋರಿಕೆಗೆ, ಎಂಜಿನಿಯರ್ ವಿಶ್ವನಾಥ್ ಅವರ ಉಸ್ತುವಾರಿಯಲ್ಲಿ ಹಳೆಯ ಬಾವಿಯನ್ನು ಸರಿಯಾಗಿ ಮುಚ್ಚದೇ ಹೋದದ್ದೇ ಕಾರಣ."

"ಇದಕ್ಕೆ ಏನಾದ್ರೂ ಸೇರಿಸ್ತೀರಾ ಸರ್?" ಎಂದಳು. "ವಿಶ್ವನಾಥ್ ಅವರಿಗೂ ಫೋನ್ ಮಾಡಿದ್ದೆ. ಏನು ಬರ್ದಿದ್ದೀರೋ ಹಾಗೇ ಇರ್ಲಿ ಅಂದ್ರು. ಸೋಮವಾರ ಪ್ರಿಂಟಿಗೆ ಹೋಗುತ್ತೆ."

"ನಂದೆಂತ ಇಲ್ಲ," ಎಂದ ರುದ್ರೇಶ.

ಅವಳು ಕಾಫಿ ಕುಡಿದು, ಬೆಂಗಳೂರು ಬಸ್ಸಿಗೆಂದು ರಸ್ತೆ ದಾಟಿ ನಿಂತಳು. ಇವನು ಒಳಗೆ ಹೋಗದೆ ನನ್ನ ಕೌಂಟರಿಗೆ ಒರಗಿ ಎಲ್ಲವನ್ನೂ ಹೇಳಿದ, ಒಂದೇ ಉಸಿರಿಗೆ, ರಸ್ತೆ ನೋಡಿಕೊಂಡು. ಹೇಳಿ ಮುಗಿಸಿ, "ಪುಸ್ತಕದಲ್ಲಿ ಬಂದ್ರೆ ಮುಗೀತು. ವಿಶ್ವನಾಥ್ ಸರ್ ಮಕ್ಳೂ ಓದ್ತಾರೆ" ಎಂದ.

ನಾನು ಹೇಳಿದ್ದು ಇದು: "ಬಾಯಿ ಮುಚ್ಕಂಡು ಕೂರು ಮಾರಾಯ. ನೌಕರಿ ಹೋಗಿ ಏಳು ವರ್ಷ ಆಯ್ತು, ಇನ್ನೇನು ವಾಪಸ್ ಬರ್ತದಾ? ನಾಳೆ ನಿನ್ ಮೇಲೆ ಕೇಸ್ ಹಾಕಿದ್ರೆ ಕೋರ್ಟಿಗೆ ಅಲೆಯೋ ವಯಸ್ಸಾ ಇದು? ಅವರೇ ಹಂಗೇ ಇರ್ಲಿ ಅಂದಿದಾರಲ್ಲ."

ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಸ್ನೇಹಿತನ ಮೇಲಿನ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಸೀಸನ್ನಿನ ನಡುವೆ ನನ್ನ ಅಂಗಡಿಗೆ ಪೊಲೀಸು ಗಿಲೀಸು ಬಂದು ಗಲಾಟೆಯಾಗುವುದು ಬೇಡವಾಗಿತ್ತು.

ಬಸ್ಸು ಬಂತು. ಅವಳು ಹತ್ತಿದಳು. ರುದ್ರೇಶ ಆ ಮೊಣಕಾಲು ಇಟ್ಟುಕೊಂಡು, ಅತ್ತಿತ್ತ ನೋಡದೆ ಹೆದ್ದಾರಿಯ ಅಡ್ಡ ಓಡಿದ. ಒಂದು ಟ್ಯಾಂಕರು ಬ್ರೇಕ್ ಹಾಕಿ ಬೈದು ಹೋಯಿತು. ಹೊರಟ ಬಸ್ಸಿನ ಪಕ್ಕಕ್ಕೆ ಎರಡೂ ಕೈಯಿಂದ ಬಡಿದ. ಕಂಡಕ್ಟರ್ ಕಿರುಚಿದ, ಬಸ್ಸು ನಿಂತಿತು. ಅವಳು ಗಾಬರಿಯಿಂದ ಇಳಿದಳು.

"ಆ ಪುಟ ಸುಳ್ಳು," ಎಂದ ಇವನು ಏದುಸಿರು ಬಿಡುತ್ತಾ. "ಬಾವಿ ಹಾಳು ಮಾಡಿದ್ದು ನಾನು."

ಮುಂದಿನ ಬಸ್ಸಿನವರೆಗೂ ಅವಳು ನನ್ನ ಅಂಗಡಿಯ ಸಿಮೆಂಟ್ ಮೂಟೆಯ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡಳು. ವಿಶ್ವನಾಥ್ ಅವರಿಗೆ ತಾನೇ ಫೋನ್ ಮಾಡಲೇ ಎಂದು ಕೇಳಿದಾಗ ರುದ್ರೇಶ, "ಬ್ಯಾಡ. ನಾಳೆ ಹತ್ತು ಗಂಟೆ ತನಕ ಸುಮ್ನಿರಿ. ನಾನೇ ಹೋಗಿ ಹೇಳ್ಬೇಕು" ಎಂದ.

ಮಾರನೆಯ ಬೆಳಿಗ್ಗೆ ನನ್ನ ಓಮ್ನಿಯಲ್ಲಿ ಹೊರಟೆವು. ಮೂಡಿಗೆರೆ, ಆಲ್ದೂರು ದಾಟಿ ವಸ್ತಾರೆ ಸೇರಿದೆವು. ವಿಶ್ವನಾಥ್ ಮನೆ ಮುಂದಿನ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಎಳೆದು ಹರವುತ್ತಿದ್ದ. ನಲವತ್ತೆಂಟು ವಯಸ್ಸಿನವನು, ತಲೆ ಪೂರಾ ಬೆಳ್ಳಗೆ.

"ಏನು ರುದ್ರೇಶಣ್ಣ, ಪಂಪು ಚೆನ್ನಾಗೇ ಓಡ್ತಿದೆಯಲ್ಲ! ಬನ್ನಿ, ತಿಂಡಿ ತಿನ್ನೋಣ," ಎಂದ.

ರುದ್ರೇಶ ಜಗುಲಿ ಹತ್ತಲಿಲ್ಲ. ಕಣದ ಅಂಚಿನಲ್ಲಿ ನಿಂತೇ ಹೇಳಿದ. ಕ್ಷಮಿಸಿ ಎಂದು ಶುರು ಮಾಡಲಿಲ್ಲ, ಅಜ್ಜಿಯ ಹೆಸರನ್ನು ಗುರಾಣಿಯಂತೆ ಮುಂದೆ ಹಿಡಿಯಲೂ ಇಲ್ಲ. "ಬಾವಿ ಒಳಗೆ ನಾನು ಪೈಪ್ ಬಿಟ್ಟಿದ್ದೆ ಸರ್. ನಿಮ್ಗೆ ಪೂರ್ತಿ ತುಂಬಿದೆ ಅಂತ ಸುಳ್ಳು ಹೇಳ್ದೆ. ನೀರು ಬರ್ತಿರೂದು ಅದ್ರಿಂದ."

ವಿಶ್ವನಾಥ್ ಕಾಫಿ ಎಳೆಯುವುದನ್ನು ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿ, ತಿರುಗಿ, ಇನ್ನೊಂದು ಸಾಲು ಹಿಡಿದ. ಆಮೇಲೆ ಕೇಳಿದ, "ಎಷ್ಟಿಂಚು?"

"ಮೂರು."

"ಜೋಡು ಎಷ್ಟು? ಮೇಲಿನಿಂದ ಮೊದಲನೇದು ಎಷ್ಟಡಿಗೆ?"

ರುದ್ರೇಶ ಹೇಳಿದ. ವಿಶ್ವನಾಥ್ ಕಾಫಿ ಎಳೆಯುವ ಹಲುಬೆಯನ್ನು ಗೋಡೆಗೆ ಒರಗಿಸಿ, ಒಳಗಿನಿಂದ ಮಗಳ ಶಾಲೆಯ ನೋಟ್‌ಬುಕ್ಕು ತಂದು ಜಗುಲಿಯ ಮೇಲೆ ಕೂತ. ಗೋಡೆ, ಬಾವಿ, ಪೈಪು ಬರೆದ. ಗೋಡೆಯಿಂದ ಎಷ್ಟು ದೂರ, ತಳದಲ್ಲಿ ಜಲ್ಲಿ ಎಷ್ಟು, ಜಾಲರಿ ಯಾವುದು ಎಂದು ಒಂದೊಂದೇ ಕೇಳಿದ. ಅಳತೆ ತಪ್ಪಿದಂತೆ ಕಂಡಲ್ಲಿ ಅಳಿಸಿ ಮತ್ತೆ ಬರೆದ. ಗೋಡೆಗೆ ಔಷಧಿ ಚುಚ್ಚಿ ಪ್ರಯೋಜನವಿಲ್ಲ, ಮೇಲಿನ ಚಪ್ಪಡಿ ತೆಗೆದು ಆ ಪೈಪಿನೊಳಗೇ ಸಿಮೆಂಟ್ ಹಾಲು ತುಂಬಬೇಕು, ಎರಡು ದಿನದ ಕೆಲಸ ಎಂದು ತನಗೆ ತಾನೇ ಹೇಳಿಕೊಂಡ. ಅವನ ಕೈ ಚುರುಕಾಗಿ ಓಡುತ್ತಿದ್ದುದನ್ನು ನೋಡಿ ನನಗೆ ಎಲ್ಲ ಸುಸೂತ್ರವಾಯಿತು ಎನ್ನಿಸಿತು.

ಪೆನ್ನು ಕೆಳಗಿಟ್ಟು ಅವನು ತಲೆಯೆತ್ತಿದ.

"ನೌಕರಿ ಹೋಗಿದ್ದಕ್ಕೆ ನಾನು ಇಲ್ಲಿ ಬಂದು ಕೂತೆ ಅಂತ ತಿಳ್ಕೊಂಡಿದ್ದೀರಾ?" ಎಂದ. "ಆಮೇಲೆ ಎರಡು ಕಂಪನಿಯವರು ಕರೆದಿದ್ರು. ಹೋಗ್ಲಿಲ್ಲ. ಆ ಬಾವಿ ತಳ ನಾನು ಕಣ್ಣಾರೆ ನೋಡಿದ್ದೆ, ಕೆಲಸ ಸರಿ ಇತ್ತು. ನಾನು ನೋಡಿ ಸರಿ ಅಂದಿದ್ದೇ ಹೀಗೆ ಸೋರುತ್ತೆ ಅಂದ್ರೆ, ನಾನು ಕಟ್ಟಿದ್ದು ಬೇರೆ ಏನೇನು ಬೀಳುತ್ತೋ ಅಂತ ಹೆದರಿಕೆ ಆಯ್ತು. ಹೊಸ ಸೇತುವೆ ಮೇಲೆ ಬಸ್ಸಲ್ಲಿ ಹೋಗ್ತಿದ್ರೂ ಕಣ್ಣು ಮುಚ್ಕೊಳ್ತಿದ್ದೆ. ಏಳು ವರ್ಷ ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕಿದೀನಿ."

ನೌಕರಿ ಹೋಯಿತೆಂಬ ಪಾಪವನ್ನಷ್ಟೇ ರುದ್ರೇಶ ಹೊತ್ತುಕೊಂಡಿದ್ದ. ಇದು ಇವನಿಗೆ ಗೊತ್ತಿರಲಿಲ್ಲ.

"ಪೈಪ್ ಬಿಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ," ವಿಶ್ವನಾಥ್ ಹೇಳಿದ. "ಬಾವಿ ಉಸಿರು ಕಟ್ಟಿಸ್ಬಾರ್ದು ಅಂತ ನಮ್ಮಜ್ಜಿಯೂ ಹೇಳ್ತಿದ್ರು. ಆದ್ರೆ ಪ್ರತಿ ವರ್ಷ ಬಂದ್ರಿ. ಇದೇ ಜಗುಲೀಲಿ ಊಟ ಮಾಡಿದ್ರಿ. ಒಂದ್ ಮಾತು ಹೇಳ್ಬಹುದಿತ್ತು."

"ಹೇಳ್ಬೇಕಿತ್ತು ಸರ್."

ಅಷ್ಟರಲ್ಲಿ ಹತ್ತು ದಾಟಿತ್ತು, ಗಗನಾಳ ಫೋನು ಬಂತು. ವಿಶ್ವನಾಥ್ ಸ್ಪೀಕರಿಗೆ ಹಾಕಿದ. ಪುಟ ಬದಲಾಯಿಸುತ್ತಿದ್ದೇನೆ, ನಿಮ್ಮ ಮೇಲಿನ ಮಾತು ತೆಗೆದಿದ್ದೇನೆ ಎಂದಳು. ಆಮೇಲೆ, "ಸರ್, ಅವರಿಗೆ ವಯಸ್ಸಾಗಿದೆ. ಹೆಸರು ಹಾಕದೆ 'ಒಬ್ಬ ಕೆಲಸಗಾರ' ಅಂತ ಬರೀಬಹುದು. ನೀವು ಏನು ಹೇಳ್ತೀರಿ?" ಎಂದು ಕೇಳಿದಳು.

ವಿಶ್ವನಾಥ್ ರುದ್ರೇಶನನ್ನೇ ನೋಡಿದ. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ, ಹೆಸರು ಬೇಡ ಅನ್ನಲಿ ಎಂದು.

"ಹಾಕಿ," ಎಂದ ವಿಶ್ವನಾಥ್. "ನನ್ನ ಹೆಸರು ಹಾಕಿದ್ರಲ್ಲ, ಹಾಗೇ ಹಾಕಿ."

ರುದ್ರೇಶ ಆಗಲಿ ಎಂದು ತಲೆಯಾಡಿಸಿದ. ತಿಂಡಿಗೆ ಯಾರೂ ಮತ್ತೆ ಕರೆಯಲಿಲ್ಲ. ನಾವು ಹೊರಟಾಗ ವಿಶ್ವನಾಥ್ ನೋಟ್‌ಬುಕ್ಕಿನ ಮೇಲೆ ಬಗ್ಗಿದ್ದ.

ಕೇಸು ಗೀಸು ಏನೂ ಆಗಲಿಲ್ಲ. ಪೈಪು ಮುಚ್ಚಿಸಲು ವಿಶ್ವನಾಥನನ್ನೇ ಕರೆಸಿದರು, ಈಗ ಇನ್ನೊಂದು ನಿಲ್ದಾಣದ ಕೆಲಸಕ್ಕೆ ಅವನು ಒಪ್ಪಿಕೊಂಡಿದ್ದಾನಂತೆ. ವಸ್ತಾರೆಯ ಪಂಪು ನೋಡಲು ಚಿಕ್ಕಮಗಳೂರಿನಿಂದ ಬೇರೆ ಯಾರೋ ಬರುತ್ತಾರೆ. ರುದ್ರೇಶ ಅದರ ಮಾತೇ ಎತ್ತುವುದಿಲ್ಲ. ರಾತ್ರಿ ನಿದ್ದೆ ಬರುತ್ತದಂತೆ, ಆದರೆ ಎದ್ದಾಗ ಆಯಾಸ ಹಾಗೇ ಇರುತ್ತದಂತೆ.

ಮೇ ತಿಂಗಳಲ್ಲಿ ಪುಸ್ತಕ ನನ್ನ ಅಂಗಡಿಯ ವಿಳಾಸಕ್ಕೆ ಬಂತು. ದಪ್ಪ ಕಾಗದ, ಬಣ್ಣದ ಚಿತ್ರಗಳು. ನಾನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದೆ. ಉದ್ಘಾಟನೆ ಮಾಡಿದವರ ಹೆಸರಿದೆ, ಅಧಿಕಾರಿಗಳ ಹೆಸರಿದೆ, ಎಂಜಿನಿಯರುಗಳ ಹೆಸರಿದೆ. ಆರು ವರ್ಷ ಆ ಗುಂಡಿಯಲ್ಲಿ ಮಣ್ಣು ಹೊತ್ತ, ಬಂಡೆ ಒಡೆದ, ಕಬ್ಬಿಣ ಕಟ್ಟಿದ ಸಾವಿರಾರು ಜನರಲ್ಲಿ ಇರುವುದು ಒಂದೇ ಹೆಸರು, ಬಣಕಲ್ಲಿನ ರುದ್ರೇಶ್, ಸೋರಿಕೆಯ ಪುಟದಲ್ಲಿ. ಹನ್ನೊಂದು ಪಂಪುಗಳ ಬಗ್ಗೆ ಒಂದು ಸಾಲೂ ಇಲ್ಲ. ಪುಸ್ತಕವನ್ನು ಅವನಿಗೆ ತೋರಿಸಲೋ ಬೇಡವೋ ಎಂದು ಎರಡು ದಿನ ಮೂಟೆಯ ಹಿಂದೆ ಬಚ್ಚಿಟ್ಟಿದ್ದೆ.

ಮೂರನೆಯ ದಿನ ಅವನೇ ಕಂಡು ತೆಗೆದುಕೊಂಡ. ಕನ್ನಡಕ ಹಾಕಿಕೊಂಡು, ಆ ಪುಟವನ್ನು ತುಟಿ ಆಡಿಸುತ್ತಾ ಪೂರ್ತಿ ಓದಿದ.

"ಸರಿಯಾಗೇ ಬರ್ದಿದಾರೆ," ಎಂದು ಪುಸ್ತಕವನ್ನು ನನ್ನ ಕೈಗಿಟ್ಟ.